ಅಬ್ಸೀನ್: ಮೈಯೋ, ಮಾಡಿದ್ದೋ?

— ಮಾವ, ಇಂಗ್ಲಿಷಿನ 'ಅಬ್ಸೀನ್' ಅನ್ನೋ ಪದ ಬಂದರೆ ನಮ್ಮ ಡೆಸ್ಕಿನಲ್ಲಿ ಎಲ್ಲರೂ ಯೋಚನೆಯೇ ಮಾಡದೆ 'ಅಶ್ಲೀಲ' ಅಂತ ಬರೀತಾರೆ. ಪುಸ್ತಕ, ಸಿನಿಮಾ, ವೆಬ್ ಸೀರೀಸ್ ವಿಷಯವಾದರೆ ಸರಿಹೋಗುತ್ತೆ. ಆದರೆ ಒಂದು ಕಂಪನಿಯ ಲಾಭವನ್ನ, ಒಂದು ಮದುವೆಯ ಖರ್ಚನ್ನ ಅಬ್ಸೀನ್ ಅಂತಾರಲ್ಲ, ಆಗೇನು ಮಾಡೋದು? 'ಅಶ್ಲೀಲ ಖರ್ಚು' ಅಂತ ಹಾಕಿದರೆ ಅಲ್ಲಿ ಮೈ ತೋರಿಸೋ ಕುಣಿತ ಇಟ್ಟಿದ್ದರು ಅಂತ ಓದುಗರು ತಿಳ್ಕೊಳ್ತಾರೆ.

— ನಿನ್ನ ಮನಸ್ಸಿನಲ್ಲಿರೋದು ಯಾವ ಮದುವೆ?

— 2016ರ ನವೆಂಬರಿನದು. 8ನೇ ತಾರೀಕು ರಾತ್ರಿ 500, 1000ದ ನೋಟು ರದ್ದಾಯ್ತು. ಬೆಳಗಾದರೆ ಬ್ಯಾಂಕಿನ ಮುಂದೆ ಸಾಲು. ಮಗಳ ಮದುವೆಗೆ ಅಂತ ಕೂಡಿಟ್ಟಿದ್ದ ದುಡ್ಡು ಹಿಡ್ಕೊಂಡು ಜನ ಬಿಸಿಲಲ್ಲಿ ನಿಂತಿದ್ದರು. ಅದೇ ತಿಂಗಳ 16ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವರೊಬ್ಬರ ಮಗಳ ಮದುವೆ. ವಿಜಯನಗರದ ವೈಭವ, ಹಂಪಿಯ ವಿಠ್ಠಲ ದೇವಸ್ಥಾನದ ಸೆಟ್ಟು. ಡಬ್ಬಿ ತೆರೆದರೆ ಪುಟ್ಟ ಪರದೆ ಮೇಲೆ ಮನೆಯವರೇ ಹಾಡಿ ಕರೆಯೋ ಲಗ್ನಪತ್ರಿಕೆ. ನೂರಾರು ಕೋಟಿ ಖರ್ಚು ಅಂತ ಪತ್ರಿಕೆಗಳು ಬರೆದವು. ಇಂಗ್ಲಿಷ್ ವರದಿಗಳಲ್ಲಿ ಟೀಕಿಸಿದವರ ಬಾಯಲ್ಲಿ ಬಂದದ್ದು ಇದೇ ಪದ.

— ಆ ಪದ ಅಲ್ಲಿ ಸರಿಯಾಗಿಯೇ ಕೂತಿದೆ ಕಣಮ್ಮ. ತಪ್ಪಿರೋದು ಪದದಲ್ಲಲ್ಲ, ನಾವು ಅದನ್ನ ನೂರೈವತ್ತು ವರ್ಷ ಬರೀ ಕೋರ್ಟಿನ ಕಡೆಯಿಂದ ಕೇಳಿಸಿಕೊಂಡು ಬಂದಿರೋದರಲ್ಲಿ. ಲ್ಯಾಟಿನ್ನಿನಲ್ಲಿ 'ಒಬ್ಸ್ಕೇನುಸ್' ಅನ್ನೋದು ಶಕುನದ ಮಾತು. ಹಕ್ಕಿ ಹಾರೋ ದಿಕ್ಕು ನೋಡಿ ಶಕುನ ಹೇಳೋ ಪೂಜಾರಿಗಳಿದ್ದ ಕಾಲ ಅದು. ಕೆಟ್ಟ ಶಕುನದ್ದು ಅನ್ನೋದಕ್ಕೆ ಆ ಪದ ಇತ್ತು. ಹೇಸಿಗೆ ಹುಟ್ಟಿಸೋದು ಅನ್ನೋದಕ್ಕೂ ಇತ್ತು, ನಾಚಿಕೆಗೇಡಿನದು ಅನ್ನೋದಕ್ಕೂ ಇತ್ತು. ಈಗ ನಮ್ಮ ಕಡೆ ನೋಡು. ಸಂಸ್ಕೃತದ ಕಾವ್ಯಶಾಸ್ತ್ರದಲ್ಲಿ ಅಶ್ಲೀಲ ಅನ್ನೋದು ಒಂದು ದೋಷ. ವಾಮನನೂ ಹೇಳ್ತಾನೆ, ಮಮ್ಮಟನೂ ಹೇಳ್ತಾನೆ, ಅದು ಮೂರು ಬಗೆ: ವ್ರೀಡೆ, ಜುಗುಪ್ಸೆ, ಅಮಂಗಳ.

— ನಾಚಿಕೆ, ಹೇಸಿಗೆ, ಅಪಶಕುನ! ಅದೇ ಮೂರು!

— ಅದೇ ಮೂರು. ಪ್ರೇಯಸಿ ಕಣ್ಮರೆಯಾದಳು ಅನ್ನೋ ಕಡೆ 'ವಿನಾಶ' ಅನ್ನೋ ಪದ ಹಾಕಿದರೆ ಮಮ್ಮಟನ ಪ್ರಕಾರ ಅದು ಅಶ್ಲೀಲ. ಮೈಗೂ ಅದಕ್ಕೂ ಸಂಬಂಧವೇ ಇಲ್ಲ. ಸಾವಿನ ನೆರಳು ಬಿತ್ತಲ್ಲ, ಅದಕ್ಕೆ ಅಶ್ಲೀಲ. ಎರಡು ಕಡೆಯೂ ಇಷ್ಟು ಅಗಲವಾಗಿದ್ದ ಪದವನ್ನ ಕಾನೂನು ಹಿಡಿದು ಹಿಂಡಿ, ಮೂರರಲ್ಲಿ ಒಂದನ್ನ, ನಾಚಿಕೆಯನ್ನ ಮಾತ್ರ ಉಳಿಸಿಕೊಂಡಿತು. ಅದರಲ್ಲೂ ಕಾಮಕ್ಕೆ ಸಂಬಂಧಪಟ್ಟ ನಾಚಿಕೆ. ನಿಮ್ಮ ಡೆಸ್ಕಿನವರ ಕೈಗೆ ಸಿಕ್ಕಿರೋದು ಆ ಹಿಂಡಿದ ಪದ.

— ಅದು ಯಾವಾಗ ಆದದ್ದು?

— ಇಂಗ್ಲೆಂಡಿನಲ್ಲಿ 1857ರಲ್ಲಿ ಲಾರ್ಡ್ ಕ್ಯಾಂಬೆಲ್ ಒಂದು ಕಾಯ್ದೆ ತಂದ. ಅಬ್ಸೀನ್ ಪುಸ್ತಕಗಳನ್ನ ಜಪ್ತಿ ಮಾಡಿ ನಾಶ ಮಾಡೋ ಅಧಿಕಾರ ಅದರಲ್ಲಿತ್ತು. ಆದರೆ ಅಬ್ಸೀನ್ ಅಂದರೇನು ಅನ್ನೋದನ್ನ ಹನ್ನೊಂದು ವರ್ಷದ ಮೇಲೆ ಒಬ್ಬ ನ್ಯಾಯಾಧೀಶ ಹೇಳಬೇಕಾಯ್ತು. 1868, ಹಿಕ್ಲಿನ್ ಕೇಸು. ಹೆನ್ರಿ ಸ್ಕಾಟ್ ಅನ್ನೋನು ಕ್ಯಾಥೊಲಿಕ್ ಪಾದ್ರಿಗಳ ವಿರುದ್ಧ ಒಂದು ಕಿರುಪುಸ್ತಿಕೆ ಮಾರ್ತಿದ್ದ. ಪಾಪನಿವೇದನೆಗೆ ಬಂದ ಹೆಂಗಸರನ್ನ ಪಾದ್ರಿಗಳು ಏನೇನು ಕೇಳ್ತಾರೆ ಅಂತ ಅದರಲ್ಲಿತ್ತು. ಅವನಿಗಿದ್ದದ್ದು ಮತದ ಜಗಳ, ಕಾಮ ಕೆರಳಿಸೋ ಆಸೆಯಲ್ಲ. ಕೋರ್ಟೂ ಅದನ್ನ ಒಪ್ಪಿತು. ಆದರೂ ನ್ಯಾಯಮೂರ್ತಿ ಕಾಕ್‌ಬರ್ನ್ ಹೇಳಿದ್ದು: ಉದ್ದೇಶ ಏನಾದರೂ ಇರಲಿ, ಕೆಡೋ ಮನಸ್ಸಿನವರ ಕೈಗೆ ಈ ಪುಸ್ತಕ ಸಿಕ್ಕರೆ ಅವರನ್ನ ಕೆಡಿಸುತ್ತೋ ಇಲ್ಲವೋ ಅದಷ್ಟೇ ಪರೀಕ್ಷೆ.

— ಅಂದರೆ ಊರಿನಲ್ಲಿ ಎಲ್ಲರಿಗಿಂತ ದುರ್ಬಲ ಓದುಗ ಯಾರೋ, ಅವನನ್ನ ಅಳತೆಗೋಲು ಮಾಡಿಕೊಂಡರು.

— ಅವನನ್ನ ಕರೆದು ಕೇಳಿದವರೂ ಇಲ್ಲ. ಅವನು ಹೀಗೆ ಕೆಡ್ತಾನೆ ಅಂತ ದೊಡ್ಡವರೇ ಊಹೆ ಮಾಡಿಕೊಳ್ಳೋದು. 1960ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನಲ್ಲಿ ಲೇಡಿ ಚ್ಯಾಟರ್ಲೀಸ್ ಲವರ್ ಮೇಲಿನ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಜ್ಯೂರಿಯವರನ್ನ ಏನು ಕೇಳಿದ ಗೊತ್ತೆ? ನಿಮ್ಮ ಹೆಂಡತಿ, ನಿಮ್ಮ ಮನೆ ಆಳು ಈ ಪುಸ್ತಕ ಓದೋದು ನಿಮಗೆ ಇಷ್ಟವೇ ಅಂತ. ಆ ಜ್ಯೂರಿಯಲ್ಲಿ ಹೆಂಗಸರೂ ಕೂತಿದ್ದರು.

— ಅವರ ಮುಖ ನೋಡಿಯೇ ಕೇಳಿದನಾ?

— ಹೌದು. ಪುಸ್ತಕ ಪ್ರಕಟಿಸಿದ ಪೆಂಗ್ವಿನ್‌ನವರು ಗೆದ್ದರು. ಅಲ್ಲಿಗೆ ಇಂಗ್ಲೆಂಡು 1959ರಲ್ಲೇ ಕಾಯ್ದೆ ಬದಲಾಯಿಸಿಕೊಂಡಿತ್ತು. ಪುಸ್ತಕವನ್ನ ಇಡಿಯಾಗಿ ನೋಡಬೇಕು, ಸಾಹಿತ್ಯದ ಬೆಲೆ ಏನು ಅಂತ ತಜ್ಞರನ್ನ ಕೇಳಬಹುದು ಅಂತ ಆಗಿತ್ತು. ಅದೇ ಪುಸ್ತಕವನ್ನ ಮುಂಬಯಿಯಲ್ಲಿ ಒಂದು ಪುಸ್ತಕದಂಗಡಿಯ ಪಾಲುದಾರರು ಮಾರಿದರು. ಪೊಲೀಸರು ಸುಳ್ಳು ಗಿರಾಕಿ ಕಳಿಸಿ ಒಂದು ಪ್ರತಿ ಕೊಂಡುಕೊಂಡರು. ತಲಾ 20 ರೂಪಾಯಿ ದಂಡ. ಆ 20 ರೂಪಾಯಿಯ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ರಂಜಿತ್ ಉದೇಶಿ ಕೇಸು, 1964. ಹಿದಾಯತುಲ್ಲಾ ಅವರು ತೀರ್ಪು ಬರೆದರು. ಇಂಗ್ಲೆಂಡು ಬಿಟ್ಟುಹಾಕಿದ್ದ ಹಿಕ್ಲಿನ್ ಪರೀಕ್ಷೆಯನ್ನ ನಾವು ಕೈಬಿಡಲಿಲ್ಲ, ದಂಡ ಕಾಯಂ ಆಯ್ತು. ಆ ತೀರ್ಪನ್ನ ನಾನು ಕಾನೂನು ಕಾಲೇಜಿನಲ್ಲಿ ಓದಿದಾಗ ನನಗೆ ನೋವಾಗಿತ್ತು. ಹಿದಾಯತುಲ್ಲಾ ಸಾಹಿತ್ಯ ಬಲ್ಲವರು. ಕಲೆ ಇದ್ದರೆ ಅಶ್ಲೀಲವನ್ನ ಅದು ಮರೆಮಾಡಬೇಕು ಅನ್ನೋ ಅರ್ಥದ ಮಾತು ಅವರಿಂದ ಬಂತಲ್ಲ ಅಂತ.

— ಮರೆಮಾಡೋದು ಯಾಕೆ ಮಾವ? ನಮ್ಮ ತೇರಿನ ಮೇಲೆ ಯಾವ ಮರೆ ಇದೆ?

— ಒಳ್ಳೇ ಕಡೆಗೆ ಬಂದೆ. ಐಪಿಸಿಯ 292ನೇ ಕಲಮು, ಈಗಿನ ನ್ಯಾಯ ಸಂಹಿತೆಯ 294, ಎರಡರಲ್ಲೂ ಒಂದು ವಿನಾಯಿತಿ ಇದೆ. ದೇವಸ್ಥಾನದ ಮೇಲೆ ಕೆತ್ತಿರೋದು, ಬರೆದಿರೋದು, ಆಮೇಲೆ ವಿಗ್ರಹವನ್ನ ಕೂರಿಸಿ ಎಳೆಯೋ ರಥದ ಮೇಲಿರೋದು, ಇವಕ್ಕೆ ಈ ಕಲಮು ಹತ್ತೋದಿಲ್ಲ. ಕಾನೂನು ಬರೆದ ಸಾಹೇಬರು ಎಲ್ಲೋ ಒಂದು ತೇರನ್ನ ಹತ್ತಿರದಿಂದ ನೋಡಿದ್ದಿರಬೇಕು. ನೀನೂ ನೋಡಿದ್ದೀಯ. ತೇರಿನ ಬುಡದ ಮರದ ಪಟ್ಟಿಗಳಲ್ಲಿ ಆನೆ, ಕುದುರೆ, ರಾಮಾಯಣದ ಸಾಲು. ಅದರ ಮಧ್ಯೆ ಗಂಡು ಹೆಣ್ಣಿನ ಜೋಡಿ, ಎಣ್ಣೆ ಬಳಿದು ಬಳಿದು ಕಪ್ಪಾಗಿ, ಕೈ ತಾಗಿ ತಾಗಿ ಮೂಗು ಮೊಲೆ ಸವೆದು ನುಣ್ಣಗಾಗಿರುತ್ತೆ. ಅಜ್ಜಿಯರು ಮೊಮ್ಮಕ್ಕಳನ್ನ ಸೊಂಟದ ಮೇಲೆ ಕೂರಿಸಿಕೊಂಡು ಅದರ ಮುಂದೆಯೇ ಹಣ್ಣು ದವನ ಎಸೀತಾರೆ. ಯಾರೂ ಮಗುವಿನ ಕಣ್ಣು ಮುಚ್ಚೋದಿಲ್ಲ. ಮಗು ಕೇಳಿದರೆ 'ಗಂಡ ಹೆಂಡತಿ ಕಣಪ್ಪ' ಅಂದು ಮುಂದೆ ಹೋಗ್ತಾರೆ.

— ಅದೇ ಚಿತ್ರ ಕಾಗದದ ಮೇಲೆ ಅಚ್ಚಾದರೆ ಅಂಗಡಿಯವನ ಮೇಲೆ ಕೇಸು.

— ಆಗಬಹುದಿತ್ತು. ಅದಕ್ಕೇ ಹೇಳೋದು, ಈ ಪದ ಒಂದು ವಸ್ತುವಿನೊಳಗೆ ಇರೋ ಗುಣವನ್ನ ಹೇಳೋದೇ ಇಲ್ಲ. ಕೆಂಪು, ಉದ್ದ, ಭಾರ ಅನ್ನೋ ಹಾಗಲ್ಲ ಇದು. ನೋಡಿದವನಿಗೆ ಏನಾಯ್ತು ಅನ್ನೋದನ್ನ ವಸ್ತುವಿನ ತಲೆಗೆ ಕಟ್ಟುತ್ತೆ. ಅಮೆರಿಕದ ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್ ಅದೇ 1964ರಲ್ಲಿ, ಒಂದು ಫ್ರೆಂಚ್ ಸಿನಿಮಾ ಕೇಸಿನಲ್ಲಿ, ಇದಕ್ಕೆ ವ್ಯಾಖ್ಯೆ ಕೊಡೋ ಪ್ರಯತ್ನ ನಾನು ಮಾಡೋಲ್ಲ, ಕಂಡಾಗ ಗೊತ್ತಾಗುತ್ತೆ ಅನ್ನೋ ಅರ್ಥದಲ್ಲಿ ಬರೆದರು. ಪ್ರಾಮಾಣಿಕವಾದ ಮಾತು. ಆದರೆ ಯಾರಿಗೆ ಗೊತ್ತಾಗಬೇಕು ಅನ್ನೋ ಪ್ರಶ್ನೆ ಹಾಗೇ ಉಳೀತು.

— ಆ ಪ್ರಶ್ನೆ ನಮ್ಮ ಕಡೆ ಹೆಂಗಸೊಬ್ಬರು ಆಗಲೇ ಕೇಳಿದ್ದರಲ್ಲ. ಬೆಂಗಳೂರು ನಾಗರತ್ನಮ್ಮ.

— ಹೇಳು, ನೀನೇ ಹೇಳು. ಅವರ ಹೆಸರು ಬಂದರೆ ಜನ ತಿರುವೈಯಾರಿನ ತ್ಯಾಗರಾಜರ ಸಮಾಧಿ ಕಟ್ಟಿಸಿದ್ದನ್ನ ಮಾತ್ರ ನೆನೀತಾರೆ.

— ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು. ದೇವದಾಸಿ ಮನೆತನ, ಸಂಗೀತ, ಕನ್ನಡ, ತೆಲುಗು, ಸಂಸ್ಕೃತ ಎಲ್ಲ ಬಲ್ಲವರು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಅನ್ನೋ ಕವಯಿತ್ರಿ ಬರೆದ 'ರಾಧಿಕಾ ಸಾಂತ್ವನಮು' ಅವರ ಕೈಗೆ ಬಂತು. ಹಳೇ ಮುದ್ರಣದಲ್ಲಿ ಎಷ್ಟೋ ಭಾಗ ಬಿಟ್ಟಿದ್ದರು. ಹಸ್ತಪ್ರತಿ ಹುಡುಕಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯಿಂದ ಅಚ್ಚು ಹಾಕಿಸಿದರು. ಆ ಕಾಲದ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ಮುದ್ದುಪಳನಿಯನ್ನ ನಾಚಿಕೆಯಿಲ್ಲದವಳು ಅನ್ನೋ ಹಾಗೆ ಬರೆದಿದ್ದರು. ನಾಗರತ್ನಮ್ಮ ಪೀಠಿಕೆಯಲ್ಲೇ ನೇರವಾಗಿ ಕೇಳಿದರು: ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರವೋ, ಗಂಡಸು ಕವಿಗಳಿಗೆ ಇಲ್ಲವೋ? ನೀವು ಪರಿಷ್ಕರಿಸಿ ಕೊಟ್ಟ ಕಾವ್ಯದಲ್ಲಿ ಇದಕ್ಕಿಂತ ಹೆಚ್ಚಿನದು ಇದೆಯಲ್ಲ, ಅದು ಹೇಗೆ ನಡೀತು?

— ಆಮೇಲೆ ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧಿಸಿತು.

— ಹೌದು, ಅಬ್ಸೀನ್ ಅಂತಲೇ. ಸ್ವಾತಂತ್ರ್ಯ ಬರೋ ವರ್ಷ, 1947ರಲ್ಲಿ, ಮದರಾಸು ಪ್ರಾಂತ್ಯದ ಟಂಗುಟೂರಿ ಪ್ರಕಾಶಂ ಅವರ ಸರ್ಕಾರ ನಿಷೇಧ ತೆಗೀತು. ಆ ಕಾವ್ಯದಲ್ಲಿ ರಾಧೆ ತನಗೆ ಬೇಕಾದ್ದನ್ನ ತಾನೇ ಕೇಳ್ತಾಳೆ, ಸಿಟ್ಟು ಮಾಡ್ಕೊಳ್ತಾಳೆ, ಕೃಷ್ಣ ಅವಳನ್ನ ಸಮಾಧಾನ ಮಾಡ್ತಾನೆ. ಗಂಡು ಬರೆದು ಹೆಣ್ಣು ನಾಚಿಕೊಂಡರೆ ಶೃಂಗಾರ, ಹೆಣ್ಣೇ ಬರೆದು ಬಯಸಿದರೆ ಅಶ್ಲೀಲ. ಈ ಪದವನ್ನ ಬಳಸಿದವರ ಭಯ ಏನಿತ್ತು ಅನ್ನೋದು ಇಲ್ಲಿ ನನಗೆ ಚೆನ್ನಾಗಿ ಕಾಣುತ್ತೆ ಮಾವ. ಅವರಿಗೆ ಪದ್ಯದ ಭಯ ಇರಲಿಲ್ಲ, ಅದನ್ನ ಯಾರು ಹೇಳ್ತಿದ್ದಾರೆ ಅನ್ನೋ ಭಯ ಇತ್ತು.

— ಒಪ್ಪಿದೆ. ಆದರೆ ನಮ್ಮ ಕೋರ್ಟುಗಳ ಬಗ್ಗೆ ನ್ಯಾಯವಾಗಿ ಇನ್ನೊಂದಷ್ಟು ಹೇಳಬೇಕು. ನಿಧಾನವಾಗಿ ಅವೂ ಸರಿದವು. ಬಂಗಾಳಿಯ ಸಮರೇಶ್ ಬಸು ಅವರ 'ಪ್ರಜಾಪತಿ' ಕಾದಂಬರಿ 1967ರಲ್ಲಿ 'ದೇಶ್' ಪತ್ರಿಕೆಯ ವಿಶೇಷಾಂಕದಲ್ಲಿ ಬಂತು. ವಕೀಲನೊಬ್ಬ ಕೇಸು ಹಾಕಿದ. ಬುದ್ಧದೇವ ಬಸು ಅಂಥ ಕವಿ ಕಟಕಟೆ ಹತ್ತಿ ಸಾಕ್ಷಿ ಹೇಳಿದರೂ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. 1985ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ನನಗೆ ಅದರಲ್ಲಿ ಮುಖ್ಯ ಅನ್ನಿಸೋದು ಒಂದೇ. ಒರಟು ಬೇರೆ, ಅಶ್ಲೀಲ ಬೇರೆ ಅಂತ ಕೋರ್ಟು ಬಿಡಿಸಿ ಹೇಳಿತು. ಒರಟು ಮಾತು ಓದುಗನಿಗೆ ಹೇಸಿಗೆ ತರಬಹುದು, ಬೇಸರ ತರಬಹುದು, ಆದರೆ ಅವನನ್ನ ಕೆಡಿಸೋದಿಲ್ಲ. ನ್ಯಾಯಾಧೀಶ ಮೊದಲು ಲೇಖಕನ ಜಾಗದಲ್ಲಿ ನಿಂತು ನೋಡಬೇಕು, ಆಮೇಲೆ ಓದುಗನ ಜಾಗದಲ್ಲಿ ನಿಲ್ಲಬೇಕು.

— ಹಾಗಾದರೆ ಜುಗುಪ್ಸೆಯನ್ನ ಕೋರ್ಟು ಅಶ್ಲೀಲದಿಂದ ಹೊರಗೆ ಕಳಿಸಿತು.

— ಕಾನೂನಿಗೆ ಅದು ಒಳ್ಳೇದೇ ಆಯ್ತು. ಹೇಸಿಗೆಯಾಯ್ತು ಅಂತ ಜೈಲಿಗೆ ಹಾಕೋಕಾಗುತ್ತದೆಯೆ? 2014ರಲ್ಲಿ ಅವೀಕ್ ಸರ್ಕಾರ್ ಕೇಸಿನಲ್ಲಿ ಹಿಕ್ಲಿನ್ ಪರೀಕ್ಷೆಯನ್ನೂ ಬಿಟ್ಟರು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತಾನು ಮದುವೆಯಾಗೋ ಕಪ್ಪು ಬಣ್ಣದ ಹೆಣ್ಣಿನ ಜೊತೆ ಬಟ್ಟೆಯಿಲ್ಲದೆ ತೆಗೆಸಿಕೊಂಡ ಫೋಟೋ ಅಚ್ಚು ಹಾಕಿದ್ದರ ಮೇಲಿನ ಕೇಸು ಅದು. ಫೋಟೋ ತೆಗೆದವರು ಆಕೆಯ ತಂದೆ. ವರ್ಣಭೇದದ ವಿರುದ್ಧ ಹೇಳಿದ ಮಾತು ಅಂತ ಕೋರ್ಟು ಅದನ್ನ ಓದಿತು. ಇವತ್ತಿನ ಸಮಾಜದ ಕಣ್ಣಿನಿಂದ ನೋಡಬೇಕು, ಕೆಡೋ ಮನಸ್ಸಿನವನ ಕಣ್ಣಿನಿಂದಲ್ಲ ಅಂದಿತು. 2024ರಲ್ಲಿ ಕಾಲೇಜು ಹುಡುಗರ ಬೈಗುಳ ತುಂಬಿದ ಒಂದು ವೆಬ್ ಸೀರೀಸ್ ವಿಷಯದಲ್ಲೂ ಬೈಗುಳ ಇದ್ದ ಮಾತ್ರಕ್ಕೆ ಅಶ್ಲೀಲವಲ್ಲ ಅಂತ ಹೇಳಿತು.

— ಎಫ್ಐಆರ್‌ಗಳಲ್ಲಿ ಮಾತ್ರ 'ಅವಾಚ್ಯ ಶಬ್ದಗಳಿಂದ ಬೈದು' ಅನ್ನೋ ಸಾಲು ಹಾಗೇ ಇದೆ.

— ಇದ್ದೇ ಇರುತ್ತೆ. ಆ ಸಾಲಿನ ಬೆಲೆ ಕಟಕಟೆಯಲ್ಲಿ ಗೊತ್ತಾಗೋದು. ದೂರು ಕೊಟ್ಟ ಹೆಂಗಸು ನಿಂತಿರ್ತಾಳೆ. ಏನಂತ ಬೈದ, ಅದೇ ಮಾತಿನಲ್ಲಿ ಹೇಳಮ್ಮ ಅಂತ ಕೇಳ್ತಾರೆ. ಅವಳು ಸೆರಗು ಬಾಯಿಗೆ ಒತ್ತಿಕೊಳ್ತಾಳೆ. ಟೈಪಿಸ್ಟು ಬೆರಳು ಎತ್ತಿಕೊಂಡು ಕಾಯ್ತಿರ್ತಾನೆ. ಬೈದವನು ಕೈಕಟ್ಟಿ ನೆಲ ನೋಡ್ತಾ ನಿಂತಿರ್ತಾನೆ. ಅವನು ಬೀದಿಯಲ್ಲಿ ಒಂದು ಸಲ ಆಡಿದ ಮಾತನ್ನ ಅವಳು ಹತ್ತು ಜನ ಗಂಡಸರ ಮುಂದೆ ಸ್ವಂತ ಬಾಯಲ್ಲಿ ಆಡಬೇಕು. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಅಬ್ಸೀನ್ ಯಾವುದು ಅಂತ ನನ್ನನ್ನ ಕೇಳಿದರೆ, ಆ ಶಬ್ದ ಅಂತ ನಾನು ಹೇಳೋದಿಲ್ಲ.

— ಅವಳನ್ನ ನಿಲ್ಲಿಸಿಕೊಂಡಿದ್ದೇವಲ್ಲ, ಅದು.

— ಅದು. 'ಬ್ಯಾಂಡಿಟ್ ಕ್ವೀನ್' ತೀರ್ಪು ಅದಕ್ಕೇ ನನಗೆ ಪ್ರಿಯ. 1996ರದು. ಫೂಲನ್ ದೇವಿಯನ್ನ ಊರ ಮುಂದೆ ಬೆತ್ತಲೆ ಮಾಡಿ ಬಾವಿಯಿಂದ ನೀರು ಸೇದಿಸೋ ದೃಶ್ಯ ಸಿನಿಮಾದಲ್ಲಿದೆ. ಸಿನಿಮಾ ತೋರಿಸೋದನ್ನೇ ತಡೀಬೇಕು ಅಂತ ಕೇಸಾಯ್ತು. ಸುಪ್ರೀಂ ಕೋರ್ಟು ಏನು ಕಂಡಿತು ಅಂದರೆ, ಇದನ್ನ ನೋಡಿದವನಿಗೆ ಕಾಮ ಕೆರಳೋದಿಲ್ಲ, ಅವಳ ಮೇಲೆ ಕನಿಕರ ಹುಟ್ಟುತ್ತೆ, ಹಾಗೆ ಮಾಡಿದವರ ಮೇಲೆ ಹೇಸಿಗೆ ಹುಟ್ಟುತ್ತೆ. ನೋಡು, ಹೇಸಿಗೆ ಹುಟ್ಟಬೇಕಾದ ಜಾಗದಲ್ಲೇ ಹುಟ್ಟಿತು. ಬೆತ್ತಲೆ ಮೈ ಮೇಲಲ್ಲ, ಬೆತ್ತಲೆ ಮಾಡಿದ ಕೈ ಮೇಲೆ.

— ಅದಕ್ಕೇ ಮದುವೆ ಖರ್ಚಿಗೂ ಅದೇ ಪದ ಸಲ್ಲುತ್ತೆ ಅಂದಿರಾ?

— ಸಲ್ಲುತ್ತೆ. ಹಸಿದವನ ಕಣ್ಣೆದುರಿಗೆ ಉಂಡು ಚೆಲ್ಲೋದು ಜುಗುಪ್ಸೆ ಮಾತ್ರವಲ್ಲ, ಅಮಂಗಳ. ನಮ್ಮ ಅಮ್ಮಂದಿರು ಅನ್ನ ಚೆಲ್ಲಿದರೆ ಬೈತಿದ್ದದ್ದು ಜಿಪುಣತನದಿಂದಲ್ಲ. ಅದು ಮನೆಗೆ ಒಳ್ಳೇದಲ್ಲ ಅನ್ನೋ ಅಳುಕು ಅವರಿಗಿತ್ತು. ಇಂಗ್ಲಿಷಿನವರು ಅತಿಯಾದ ಲಾಭವನ್ನ, ಯುದ್ಧವನ್ನ ಅಬ್ಸೀನ್ ಅನ್ನೋವಾಗ ತಮಗೇ ಗೊತ್ತಿಲ್ಲದೆ ಶಕುನದ ಆ ಹಳೇ ಅರ್ಥಕ್ಕೆ ವಾಪಸು ಹೋಗಿರ್ತಾರೆ. ಕನ್ನಡದಲ್ಲಿ ಬರೆಯೋವಾಗ ನೀನು ಅಶ್ಲೀಲ ಬಿಡು, 'ಹೇಸಿಗೆ ಹುಟ್ಟಿಸೋ ಖರ್ಚು' ಅನ್ನು, 'ದುಡ್ಡಿನ ಮದ' ಅನ್ನು. ಎಲ್ಲಕ್ಕಿಂತ ಒಳ್ಳೇದು, ಬ್ಯಾಂಕಿನ ಸಾಲನ್ನೂ ಆ ಸೆಟ್ಟನ್ನೂ ಅಕ್ಕಪಕ್ಕ ಇಟ್ಟು ಬರಿ.

— ಅದು ಸರಿ. ಆದರೆ ಮಾವ, ಈ ಪದ ಕಾನೂನಿನಿಂದ ಪೂರ್ತಿ ಹೊರಟುಹೋಗಲಿ ಅಂತ ನೀವು ಹೇಳ್ತಿದ್ದರೆ ನಾನು ಒಪ್ಪೋಲ್ಲ. ನೀವು ಪುಸ್ತಕದ ಕಡೆ ನಿಂತು ಮಾತಾಡ್ತಿದ್ದೀರಿ. ನಾನು ಫೋನಿನ ಕಡೆಯಿಂದ ಕೇಳ್ತೀನಿ. ನನ್ನ ಗೆಳತಿಯೊಬ್ಬಳ ಫೋಟೋಗಳು, ಇಬ್ಬರೇ ಇದ್ದಾಗ ತೆಗೆದದ್ದು, ಪ್ರೀತಿ ಮುರಿದ ಮೇಲೆ ಅವನು ಗುಂಪುಗಳಿಗೆ ಹಾಕಿದ. ಠಾಣೆಗೆ ಹೋದರೆ ಐಟಿ ಕಾಯ್ದೆಯ 67 ಹಾಕ್ತೀವಿ ಅಂದರು, ಅಶ್ಲೀಲ ಚಿತ್ರ ರವಾನೆ. ಆ ಕಲಮೂ ಇಲ್ಲದಿದ್ದರೆ ಅವಳು ಏನು ಹಿಡ್ಕೊಂಡು ನಿಲ್ಲಬೇಕಿತ್ತು?

— ಆ ಕಲಮನ್ನ ಒಂದು ಸಲ ಓದಿದ್ದೀಯಾ? ಅದು ಕೇಳೋದು ಆ ಚಿತ್ರ ಕಾಮ ಕೆರಳಿಸುತ್ತೋ, ನೋಡಿದವರನ್ನ ಕೆಡಿಸುತ್ತೋ ಅಂತ. ಕಾಕ್‌ಬರ್ನ್ ಮಾತು ಹಾಗೇ ಅದರೊಳಗೆ ಕೂತಿದೆ. ಅವಳು ಒಪ್ಪಿದ್ದಳೋ ಇಲ್ಲವೋ ಅಂತ ಅದು ಕೇಳೋದೇ ಇಲ್ಲ. ಆ ಲೆಕ್ಕದಲ್ಲಿ ಕೇಡಾದದ್ದು ಯಾರಿಗೆ? ಫೋಟೋ ನೋಡಿದ ಗಂಡಸರಿಗೆ! ಅವಳು ಕೇಡು ಮಾಡೋ ವಸ್ತು ಆಗಿಬಿಟ್ಟಳು.

— ಪೊಲೀಸಿನವರೂ ಹಾಗೇ ಮಾತಾಡಿದರು. ಇಂಥ ಫೋಟೋ ಯಾಕಮ್ಮ ತೆಗೆಸಿಕೊಂಡೆ ಅಂತ.

— ಪದ ಮೈಗೆ ಅಂಟಿದರೆ ಆ ಪ್ರಶ್ನೆ ಬಂದೇ ಬರುತ್ತೆ. ಆದರೆ ಅವಳಿಗೆ ಬೇರೆ ದಾರಿ ಇದೆ. ಅದೇ ಐಟಿ ಕಾಯ್ದೆಯ 66ಇ, ಖಾಸಗಿತನದ ಉಲ್ಲಂಘನೆ. ನ್ಯಾಯ ಸಂಹಿತೆಯ 77, ಹಳೇ ಐಪಿಸಿಯ 354ಸಿ, ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ಮೇಲೆ 2013ರಲ್ಲಿ ಸೇರಿಸಿದ್ದು. ಅದರ ವಿವರಣೆಯಲ್ಲಿ ಸ್ಪಷ್ಟವಾಗಿದೆ: ಫೋಟೋ ತೆಗೆಯೋಕೆ ಒಪ್ಪಿದ್ದರೂ ಹಂಚೋಕೆ ಒಪ್ಪದಿದ್ದರೆ, ಹಂಚಿದ್ದು ಅಪರಾಧ. ಅಲ್ಲಿ ಅಶ್ಲೀಲವೋ ಅಲ್ಲವೋ ಅನ್ನೋ ಚರ್ಚೆಯೇ ಬೇಕಿಲ್ಲ.

— ಠಾಣೆಯಲ್ಲಿ ಇದನ್ನ ಯಾರೂ ಹೇಳಲಿಲ್ಲ.

— 67 ಅವರಿಗೆ ಬಾಯಿಪಾಠ. ಅದನ್ನ ತೆಗೀರಿ ಅಂತ ಈಗ ಜಗಳ ಮಾಡೋದು ಬೇಡ, ಇರಲಿ. ಅದರ ಜೊತೆಗೆ ಈ ಎರಡನ್ನೂ ಸೇರಿಸಿ ಅಂತ ಬರಹದಲ್ಲಿ ಕೊಡಲಿ, ಸ್ವೀಕೃತಿ ಹಾಕಿಸಿಕೊಳ್ಳಲಿ. ಅವಳ ದೂರಿನ ಪ್ರತಿ ನಿನ್ನ ಹತ್ತಿರ ಇದೆಯಾ?

— ಫೋನಿನಲ್ಲಿದೆ. ಮೊದಲ ಸಾಲೇ 'ನನ್ನ ಅಶ್ಲೀಲ ಚಿತ್ರಗಳನ್ನು' ಅಂತ ಶುರುವಾಗುತ್ತೆ. ರೈಟರ್ ಹೇಳಿದ ಹಾಗೆ ಬರೆದುಕೊಟ್ಟಿದ್ದಾಳೆ.

— 'ನನ್ನ' ಅನ್ನೋದೂ 'ಅಶ್ಲೀಲ' ಅನ್ನೋದೂ ಒಟ್ಟಿಗೆ ಇರೋದು ಬೇಡ. ಅವನ ಹೆಸರಿಂದ ಶುರುಮಾಡಿ. ಇಂಥ ದಿನ, ಇಂಥ ನಂಬರಿನಿಂದ, ನನ್ನ ಒಪ್ಪಿಗೆಯಿಲ್ಲದೆ, ನನ್ನ ಖಾಸಗಿ ಚಿತ್ರಗಳನ್ನ ಇಂಥಿಂಥ ಗುಂಪಿಗೆ ಕಳಿಸಿದ ಅಂತ. ಚಿತ್ರದಲ್ಲಿ ಏನಿತ್ತು ಅನ್ನೋ ವರ್ಣನೆ ಒಂದಕ್ಷರವೂ ಬೇಡ. ಸ್ಕ್ರೀನ್‌ಶಾಟಿನಲ್ಲಿ ದಿನ, ಹೊತ್ತು, ನಂಬರು ಕಾಣೋ ಹಾಗೆ ಇಟ್ಕೊಂಡಿದ್ದಾಳಾ?

— ಇಟ್ಕೊಂಡಿದ್ದಾಳೆ. ಎಲ್ಲ ಅಳಿಸಿಬಿಡು ಅಂತ ಅವರಮ್ಮ ಹೇಳಿದ್ದರಂತೆ, ಅಳಿಸಿಲ್ಲ.

— ಒಳ್ಳೇ ಕೆಲಸ ಮಾಡಿದಳು. ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಅವರಮ್ಮನನ್ನೂ ಕರೀ, ಅವರ ಹತ್ತಿರ ನಾನು ಮಾತಾಡ್ತೀನಿ.